ಸೋತವನ ಮುಖಕ್ಕೆ ಬೇಕಾದ ಕುಂಚ

ಯುದ್ಧದ ಚಿತ್ರಗಳಲ್ಲಿ ನನಗೆ ಹೆಚ್ಚು ಹಿಡಿಸುವುದು ಕಾಳಗ ಮುಗಿದ ಮೇಲಿನವು. ಕುದುರೆ ನೆಗೆಯುವಾಗ, ಕತ್ತಿ ಝಳಪಿಸುವಾಗ ನೋಡುವ ಕಣ್ಣಿಗೆ ಪುರುಸೊತ್ತಿರುವುದಿಲ್ಲ. ಎಲ್ಲ ನಿಂತು, ಹೆಣಗಳ ನಡುವೆ ಯಾರೋ ಯಾರನ್ನೋ ಹುಡುಕುವ ಹೊತ್ತಿಗೆ ಚಿತ್ರಕಾರನ ಮನಸ್ಸು ಯಾರ ಕಡೆಗಿದೆ ಎಂಬುದು ಹೊರಬೀಳುತ್ತದೆ. ಯುರೋಪಿನ ರೊಮ್ಯಾಂಟಿಕ್ ಚಿತ್ರಕಾರರು ಇದನ್ನು ಚೆನ್ನಾಗಿ ಅರಿತಿದ್ದರು. 1808ರಲ್ಲಿ ಫ್ರಾನ್ಸಿನ ಗ್ರೋ ಹಿಮದಲ್ಲಿ ಬಿದ್ದ ಹೆಣಗಳನ್ನು ನೆಪೋಲಿಯನ್ನನ ಕಾಲ ಬುಡದಲ್ಲೇ ಬರೆದ. ಹತ್ತು ವರ್ಷದ ನಂತರ ಇಂಗ್ಲೆಂಡಿನ ಟರ್ನರ್ ವಾಟರ್ಲೂ ಬಯಲಿನ ಚಿತ್ರದಲ್ಲಿ ಗೆದ್ದವರನ್ನು ಬಿಟ್ಟು, ರಾತ್ರಿ ದೀಪ ಹಿಡಿದು ತಮ್ಮವರನ್ನು ಹುಡುಕುವ ಹೆಂಗಸರನ್ನು ಬರೆದ.

ಇದೇ ಸಾಲಿನ ಒಂದು ದೊಡ್ಡ ಚಿತ್ರದಲ್ಲಿ ನೆಲಕ್ಕೆ ಬಿದ್ದಿರುವವನು ನಮ್ಮ ದೇವನಹಳ್ಳಿಯಲ್ಲಿ ಹುಟ್ಟಿದವನು. ಸ್ಕಾಟ್‌ಲೆಂಡಿನ ಡೇವಿಡ್ ವಿಲ್ಕಿ 1839ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿಸಿದ ಈ ತೈಲಚಿತ್ರದ ವಸ್ತು 1799ರ ಮೇ 4ರ ರಾತ್ರಿ. ಶ್ರೀರಂಗಪಟ್ಟಣದ ಕೋಟೆ ಬಿದ್ದಿದೆ, ಬಾಗಿಲ ಬಳಿ ದೀಪದ ಬೆಳಕಿನಲ್ಲಿ ಟಿಪ್ಪುವಿನ ದೇಹ ಸಿಕ್ಕಿದೆ, ಕೋಟೆಗೆ ನುಗ್ಗಿದ ದಾಳಿಯನ್ನು ಮುನ್ನಡೆಸಿದ ಜನರಲ್ ಡೇವಿಡ್ ಬೇರ್ಡ್ ಎದುರಿಗೆ ನಿಂತಿದ್ದಾನೆ. ಸುಮಾರು 3.5 ಮೀಟರ್ ಎತ್ತರ, 2.7 ಮೀಟರ್ ಅಗಲದ ಕ್ಯಾನ್ವಾಸ್ ಅದು. ಬರೆಸಿದವಳು ಬೇರ್ಡನ ವಿಧವೆ. ವಿಲ್ಕಿ ಭಾರತಕ್ಕೆ ಕಾಲಿಟ್ಟವನೇ ಅಲ್ಲ.

ಆ ಚಿತ್ರದಲ್ಲಿ ಬೇರ್ಡನ ಕಾಲ ಬಳಿ ನೆಲದಲ್ಲೊಂದು ಕಂಬಿಯ ಜಾಲರಿ ಇದೆ. ಅವಸರದ ಕಣ್ಣಿಗೆ ಅದು ಬೀಳುವುದಿಲ್ಲ. ಆದರೆ ಕತೆಯೆಲ್ಲ ಅಲ್ಲೇ ಇದೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರದ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೇನೆ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೈಲಿಯ ತುಕಡಿಯನ್ನು ಧೂಳೀಪಟ ಮಾಡಿತು. ಆಗ ಗಾಯಗೊಂಡು ಸೆರೆಸಿಕ್ಕವರಲ್ಲಿ ಯುವಕ ಬೇರ್ಡನೂ ಒಬ್ಬ. ಮೂರು ವರ್ಷಕ್ಕೂ ಹೆಚ್ಚು ಕಾಲ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದು, 1784ರಲ್ಲಿ ಬಿಡುಗಡೆಯಾದ. ಆ ಸೆರೆಮನೆಯ ನೆನಪನ್ನೇ ವಿಲ್ಕಿ ಜಾಲರಿಯಾಗಿ ಅವನ ಪಾದದ ಬಳಿ ಇಟ್ಟಿದ್ದಾನೆ.

ಇಂಥ ಚಿತ್ರಗಳನ್ನು ನೋಡಿ ಕೈಯಿಂದ ಬರೆದ ನಕಲುಗಳನ್ನು ನಾನು ಅಳೆಯುವುದು ಈ ಜಾಲರಿಯಂಥ ಜಾಗಗಳಲ್ಲಿ. ಮೊಬೈಲಿನಲ್ಲಿ ಸಿಕ್ಕ ಫೋಟೊ ಇಟ್ಟುಕೊಂಡು ಎರಡೂವರೆ ಅಡಿಗೆ ಇಳಿಸಿ ಬರೆದ ಕಾಪಿಯಲ್ಲಿ ಜಾಲರಿ ಕರಗಿ ಬರೀ ಕಪ್ಪು ಉಳಿಯುತ್ತದೆ. ಬೇರ್ಡನ ಕೆಂಪು ಅಂಗಿ ಮಾತ್ರ ಬೆಂಕಿಯಂತೆ ಹೊಳೆಯುತ್ತದೆ. ಅದು ಬಹಳ ಸುಲಭದ ಕೆಲಸ. ಕಷ್ಟವೆಲ್ಲ ಚಿತ್ರದ ಕೆಳಭಾಗದಲ್ಲಿದೆ: ಜೀವ ಹೋಗಿ ಬಹಳ ಹೊತ್ತಾಗದ ದೇಹದ ಮೈಬಣ್ಣ, ದೀಪ ತಗುಲಿದ ಒಂದು ಮಗ್ಗುಲು, ತಗುಲದ ಇನ್ನೊಂದು ಮಗ್ಗುಲು. ಒಳ್ಳೆಯ ಕಲಾವಿದ ಕ್ಯಾನ್ವಾಸಿಗೆ ಚೌಕ ಹಾಕಿ, ಮೊದಲು ಕಂದು ಬಣ್ಣದಲ್ಲೇ ಇಡೀ ಚಿತ್ರದ ನೆರಳು ಬೆಳಕನ್ನು ಕೂರಿಸುತ್ತಾನೆ. ಅದು ಒಣಗಿದ ಮೇಲೆ ತೆಳುವಾದ ಪದರಗಳನ್ನು ಒಂದರ ಮೇಲೊಂದು ಎಳೆಯುತ್ತಾನೆ. ಟ್ಯೂಬಿನ ಕಪ್ಪನ್ನು ನೇರವಾಗಿ ಬಳಿದ ಕತ್ತಲೆಯೊಳಗೆ ಕಣ್ಣು ಇಳಿಯುವುದಿಲ್ಲ. ವಿಲ್ಕಿ ತನ್ನ ನೆರಳುಗಳಿಗೆ ಡಾಂಬರಿನ ಜಾತಿಯ ಬಿಟುಮೆನ್ ಬಳಸುತ್ತಿದ್ದ. ಅದು ಪೂರ್ತಿ ಒಣಗದೆ ವರ್ಷ ಕಳೆದಂತೆ ಬಿರುಕು ಬಿಡುವ ವಸ್ತು. ನಕಲಿನಲ್ಲಿ ಆ ಬಿರುಕು ಬೇಡ, ಆಳ ಬೇಕು.

ನಕಲು ಎಂದರೆ ಮೂಗು ಮುರಿಯುವವರಿಗೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯ ಕತೆ ಹೇಳಬೇಕು. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಬೇಸಿಗೆ ಅರಮನೆಯ ಪಶ್ಚಿಮದ ಗೋಡೆಯಲ್ಲಿ ಪೊಳ್ಳಿಲೂರಿನ ಯುದ್ಧ ಇದೆ: ಮದ್ದಿನ ಬಂಡಿ ಸಿಡಿಯುತ್ತಿದೆ, ಪಲ್ಲಕ್ಕಿಯಲ್ಲಿ ಕುಳಿತ ಬೈಲಿ ಬೆರಳು ಕಚ್ಚಿಕೊಂಡಿದ್ದಾನೆ. ಟಿಪ್ಪುವಿನ ನಂತರ ಅಲ್ಲಿ ವಾಸವಿದ್ದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಮಾಸಿದ ಚಿತ್ರವನ್ನು ಮತ್ತೆ ಬರೆಸಿದ. ಪಟ್ಟಣದ ಅಧಿಕಾರ ಬೇರ್ಡನಿಗೆ ತಪ್ಪಿ ಸಿಕ್ಕಿದ್ದು ಇದೇ ವೆಲ್ಲೆಸ್ಲಿಗೆ! 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಇನ್ನೊಮ್ಮೆ ಬರೆಸಿದ. ಹಳೆಯದನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದ ಇಲ್ಲಿಯ ಕಲಾವಿದನೊಬ್ಬ ಆಗ ನೆರವಾದ ಎನ್ನುತ್ತಾರೆ. ಇಂದು ನಾವು ನಿಂತು ನೋಡುವುದು ಒಂದು ಕೈ ಬರೆದದ್ದರ ಮೇಲೆ ಇನ್ನೊಂದು ಕೈ ಬರೆದದ್ದನ್ನು. ಅದೇ ಚಿತ್ರವನ್ನು ಕಾಗದದ ಮೇಲೆ ಬರೆದ ಪ್ರತಿಗಳೂ ಇವೆ. ಹತ್ತು ದೊಡ್ಡ ಹಾಳೆಗಳ, ಸುಮಾರು 32 ಅಡಿ ಉದ್ದದ ಒಂದು ಪ್ರತಿ 2022ರ ಮಾರ್ಚಿನಲ್ಲಿ ಲಂಡನ್ನಿನ ಸೋದಬೀಸ್ ಹರಾಜಿನಲ್ಲಿ 6,30,000 ಪೌಂಡಿಗೆ ಹೋಯಿತು.

ಮೂಲವೇ ಉಳಿಯದೆ ಪ್ರತಿಯಿಂದ ಮಾತ್ರ ತಿಳಿಯುವ ಚಿತ್ರವೂ ಈ ಕತೆಯಲ್ಲಿದೆ. ಶ್ರೀರಂಗಪಟ್ಟಣದ ಮುತ್ತಿಗೆಯನ್ನು ರಾಬರ್ಟ್ ಕೆರ್ ಪೋರ್ಟರ್ 1800ರಲ್ಲಿ ಲಂಡನ್ನಿನಲ್ಲಿ ಸುಮಾರು 120 ಅಡಿ ಉದ್ದಕ್ಕೆ ಬರೆದಿದ್ದ. ಆ ಕ್ಯಾನ್ವಾಸ್ ಹಾಳಾಯಿತು. ವೆಂಡ್ರಮಿನಿ ಎಂಬವನು ಕೊರೆದ ಅಚ್ಚುಚಿತ್ರಗಳೇ ಈಗ ಗತಿ.

ವಿಲ್ಕಿಯ ಚಿತ್ರ ಗೆದ್ದವರ ಚಿತ್ರ ನಿಜ. ಬೇರ್ಡ್ ಎತ್ತರದಲ್ಲಿ, ಟಿಪ್ಪು ಕೆಳಗೆ. ಹಾಗೆಂದು ಅದನ್ನು ದೂರ ಇಡಬೇಕೆಂದು ನನಗನ್ನಿಸುವುದಿಲ್ಲ. ಬಿದ್ದವನ ಮೇಲೆ ಚಿತ್ರಕಾರ ಖರ್ಚು ಮಾಡಿದ ಬೆಳಕು ಸಣ್ಣದಲ್ಲ. ಬರೆಸಿದವಳ ಉದ್ದೇಶವನ್ನು ಕುಂಚ ಅಲ್ಲಿ ಮೀರಿದೆ. ಅದನ್ನು ಪೊಳ್ಳಿಲೂರಿನ ಚಿತ್ರದ ಜೊತೆಗಿಟ್ಟು ನೋಡಬೇಕು. ಒಂದರಲ್ಲಿ ಬೇರ್ಡನ ಕಡೆ ಸೋತಿದೆ, ಇನ್ನೊಂದರಲ್ಲಿ ಟಿಪ್ಪುವಿನದು. ನಡುವೆ ಹತ್ತೊಂಬತ್ತು ವರ್ಷ.

ಈ ಜೋಡಿಗೆ ದೇವನಹಳ್ಳಿಗಿಂತ ಸರಿಯಾದ ಊರಿಲ್ಲ. ಕೋಟೆಯ ಹತ್ತಿರ, ಟಿಪ್ಪು ಹುಟ್ಟಿದ ಜಾಗವೆಂದು ಗುರುತಿಸಿ ನಿಲ್ಲಿಸಿದ ಕಲ್ಲಿಗೆ ಒಂದು ಪುಟ್ಟ ಮಂಟಪ ಇದೆ. ಬಂದವರು ಕಲ್ಲು ಓದಿ, ಫೋಟೊ ತೆಗೆದು ಹೊರಡುತ್ತಾರೆ. 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್‌ನ ಸೇನೆಯ ವಶವಾದ ಕೋಟೆ ಇದು ಎಂಬುದೂ ಎಷ್ಟೋ ಜನರಿಗೆ ತಿಳಿಯದು. ಊರಿನ ಯಾವುದಾದರೂ ಶಾಲೆಯ ಸಭಾಂಗಣದಲ್ಲೋ ಗ್ರಂಥಾಲಯದಲ್ಲೋ ಈ ಎರಡು ಚಿತ್ರಗಳ ಕೈಯಿಂದ ಬರೆದ ಪ್ರತಿಗಳು ಎದುರುಬದುರು ನೇತಾಡಿದರೆ ಮಕ್ಕಳು ಆ ಕಲ್ಲನ್ನು ಬೇರೆ ರೀತಿ ಓದುತ್ತಾರೆ.

ಊರ ಪಕ್ಕದ ವಿಮಾನ ನಿಲ್ದಾಣದ ಸುತ್ತ ಮನೆ, ಹೋಟೆಲು ಕಟ್ಟುತ್ತಿರುವವರಲ್ಲೂ ಒಂದು ಕೋರಿಕೆ. ಗೋಡೆಗೆ ಚಿತ್ರ ಬೇಕಾದಾಗ ಹೊರದೇಶದ ಹೂದಾನಿಯನ್ನೋ ಓಡುವ ಕುದುರೆಗಳನ್ನೋ ತರಿಸುವ ಬದಲು, ಬೆಂಗಳೂರಿನಲ್ಲಿ ನಡೆಯುವ ಜನವರಿಯ ಚಿತ್ರಸಂತೆಗೆ ಹೋಗಿ ತೈಲವರ್ಣದಲ್ಲಿ ಕೈ ಪಳಗಿದ ಒಬ್ಬರನ್ನು ಹುಡುಕಿ. ಅವರನ್ನು ಮೊದಲು ದರಿಯಾ ದೌಲತ್‌ಗೆ ಕರೆದುಕೊಂಡು ಹೋಗಿ ಗೋಡೆಯ ಮುಂದೆ ಕೂರಿಸಿ. ವಿಲ್ಕಿಯ ಚಿತ್ರವನ್ನು ಐದಡಿಗಿಂತ ಚಿಕ್ಕದಾಗಿ ಬರೆಸಬೇಡಿ, ಅವಸರ ಮಾಡಬೇಡಿ, ಕತ್ತಲೆ ಬರೆಯಲು ಹಿಡಿಯುವ ದಿನಗಳಿಗೂ ಕೂಲಿ ಕೊಡಿ. ಮುಗಿದ ಮೇಲೆ ಅಂಚಿನಲ್ಲಿ ಆ ಕಲಾವಿದರ ಹೆಸರನ್ನೂ ಬರೆಸಿ.