ಅರ್ಧ ದಂಡ, ಪೂರ್ತಿ ತಪ್ಪು

ಸಂಚಾರ ದಂಡದ ಮೇಲಿನ ಶೇ 50ರ ರಿಯಾಯಿತಿಗೆ ಜನಪರ ಎಂಬ ಹೆಸರು ಬಂದುಬಿಟ್ಟಿದೆ. 2023ರ ಫೆಬ್ರುವರಿಯಲ್ಲಿ ಲೋಕ ಅದಾಲತ್ತಿನ ಹೊತ್ತಿಗೆ ಶುರುವಾದದ್ದು, 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಬಂತು. ಬೆಂಗಳೂರಿನಲ್ಲಿ ಕೋಟಿಗಟ್ಟಲೆ ಜಮೆಯಾದ ಸುದ್ದಿ ಎಲ್ಲರೂ ಓದಿದ್ದೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆ ನಿಂತು ನೋಡುವ ನನಗೆ ಈ ಹೊಗಳಿಕೆ ಒಪ್ಪಿಗೆಯಿಲ್ಲ.

ನಮ್ಮ ಕಡೆ ದಂಡದ ರಸೀದಿಗೆ ‘ಪಾವತಿ’ ಎನ್ನುತ್ತಾರೆ. ಪಾವತಿ ಕೈಗೆ ಬಂತೆಂದರೆ ಕೇಸು ಮುಗಿಯಿತೆಂದೇ ನಂಬಿಕೆ. ಹೀಗೆ ದಂಡ ಕಟ್ಟಿ ಕೇಸು ಮುಗಿಸುವುದನ್ನು ಕಾನೂನು ರಾಜಿ ಎನ್ನುತ್ತದೆ. ಊರಲ್ಲಿ ರಾಜಿಯೆಂದರೆ ಹೊಲದ ಬದುವಿನ ಜಗಳ ಹಿರಿಯರ ಮುಂದೆ ಹರಿದು, ಮತ್ತೆ ಯಾರೂ ಆ ಮಾತು ಎತ್ತದಿರುವುದು. ಮೋಟಾರು ವಾಹನ ಕಾಯ್ದೆಯ 200ನೇ ಕಲಮಿನ ರಾಜಿ ಅಂಥದ್ದಲ್ಲ. 2019ರ ತಿದ್ದುಪಡಿ ಅದಕ್ಕೆ ಸೇರಿಸಿದ ಪರಂತುಕಗಳಲ್ಲಿ, ಅಂದರೆ ಷರತ್ತುಗಳಲ್ಲಿ, ಎರಡು ಇಲ್ಲಿ ಮುಖ್ಯ. ಒಂದು: ರಾಜಿಯಾದ ತಪ್ಪೂ ಮುಂದಿನ ಸಲ ‘ಹಿಂದಿನ ತಪ್ಪು’ ಎಂದೇ ಎಣಿಕೆಗೆ ಬರುತ್ತದೆ. ವಿಮೆಯಿಲ್ಲದ ಗಾಡಿಗೆ ಕಾಯ್ದೆಯಲ್ಲಿ ಮೊದಲ ಸಲ ₹2000, ಎರಡನೇ ಸಲ ₹4000 ಇರುವುದು ಈ ಎಣಿಕೆಯ ಮೇಲೆ. ಇನ್ನೊಂದು: ದಂಡ ಕಟ್ಟಿದ ಮಾತ್ರಕ್ಕೆ ಲೈಸೆನ್ಸಿನ ಮೇಲಿನ ಕ್ರಮ ತಪ್ಪುವುದಿಲ್ಲ. ಹೆಲ್ಮೆಟ್ಟಿನ 194ಡಿ ಕಲಂ ನೋಡಿ. ₹1000 ದಂಡದ ಜೊತೆಗೇ ಮೂರು ತಿಂಗಳ ಲೈಸೆನ್ಸ್ ಅನರ್ಹತೆಯನ್ನೂ ಅದು ಹೇಳುತ್ತದೆ. ನಮ್ಮ ರಾಜ್ಯ ಸರ್ಕಾರ 2019ರ ಸೆಪ್ಟೆಂಬರಿನಲ್ಲೇ ದಂಡವನ್ನು ₹500ಕ್ಕೆ ಇಳಿಸಿತು. ರಿಯಾಯಿತಿಯಲ್ಲಿ ಅದು ₹250. ಇಳಿದದ್ದು ರೂಪಾಯಿ ಮಾತ್ರ, ಆ ಮೂರು ತಿಂಗಳು ಹಾಗೇ ಇದೆ. ಅದು ಜಾರಿಯಾದರೆ, ಬೈಕಿನ ಮೇಲೆ ಬರಿತಲೆಯಲ್ಲಿ ಹೋದ ತಪ್ಪಿಗೆ ಇಂಡಿಯ ಚಾಲಕ ನಿಂಬೆಹಣ್ಣಿನ ಟೆಂಪೊವನ್ನೂ ಓಡಿಸುವಂತಿಲ್ಲ.

ರಿಯಾಯಿತಿಯನ್ನು ಟೀಕಿಸಿದವರ ವಾದವೂ ನನಗೆ ಹಿಡಿಸಲಿಲ್ಲ. ಪೂರ್ತಿ ಕಟ್ಟಿದವನಿಗೆ ಅನ್ಯಾಯ, ತಪ್ಪು ಮಾಡಿದವನಿಗೆ ಬಹುಮಾನ ಎನ್ನುತ್ತಾರೆ. ದಂಡ ಬಿದ್ದವನು ತಪ್ಪು ಮಾಡಿಯೇ ಇರಬೇಕೆಂದು ಅವರು ಮೊದಲೇ ತೀರ್ಮಾನಿಸಿದ್ದಾರೆ. ಬೆಂಗಳೂರಿಗೆ ದುಡಿಯಲು ಹೋದ ಮುದ್ದೇಬಿಹಾಳದ ಹುಡುಗ ಗಾಡಿಯನ್ನು ಅಲ್ಲೇ ಮಾರಿ ಊರಿಗೆ ಮರಳಿರುತ್ತಾನೆ. ಆರ್‌ಸಿ ಇನ್ನೂ ಅವನ ಹೆಸರಿನಲ್ಲೇ. ಕ್ಯಾಮೆರಾ ಹಿಡಿಯುವುದು ನಮ್ಮ ಜಿಲ್ಲೆಯ ಕೆಎ-28ರ ನಂಬರನ್ನು, ಓಡಿಸಿದವನನ್ನಲ್ಲ. ತಕರಾರು ಎತ್ತಲು ಐನೂರು ಕಿಲೊಮೀಟರ್ ಬಸ್ಸು, ಕೋರ್ಟಿನ ತಾರೀಖು, ವಕೀಲರ ಫೀಸು, ಮೂರು ದಿನದ ಕೂಲಿ. ಇದಕ್ಕಿಂತ ₹250 ಕಟ್ಟುವುದೇ ಹಗುರ. ಕಟ್ಟಿದ ಗಳಿಗೆಗೆ, ಅವನು ಮಾಡದ ತಪ್ಪು ಅವನ ಲೆಕ್ಕಕ್ಕೆ ಬೀಳುತ್ತದೆ. ಬಡವರ ತಕರಾರನ್ನು ಬಾಯಿಗೆ ಬರುವ ಮುಂಚೆಯೇ ಅಡಗಿಸುವುದು ಈ ಯೋಜನೆಯ ದೊಡ್ಡ ದೋಷ.

ಹಳೆಯ ಬಾಕಿ ತೀರಿತು, ಕೋರ್ಟುಗಳ ಹೊರೆ ಇಳಿಯಿತು ಎಂಬುದು ನಿಜ. ಆದರೂ ಮುಂದಿನ ರಿಯಾಯಿತಿ ಸಾರುವ ಮುನ್ನ ಸರ್ಕಾರ ಆ ಎರಡು ಪರಂತುಕಗಳನ್ನು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಪಾವತಿಯ ಮೇಲೆ ಅಚ್ಚು ಹಾಕಿಸಲಿ. ತಕರಾರನ್ನು ಆರ್‌ಸಿಯಲ್ಲಿರುವ ವಿಳಾಸದ ತಾಲ್ಲೂಕಿನ ಕೋರ್ಟಿನಲ್ಲೇ ಕೇಳಲಿ.