ಬೆರಳಿಗೆ ದಕ್ಕುವ ಕನ್ನಡ

ಹೊರನಾಡಿನಲ್ಲಿ ಕನ್ನಡದ ಅಳಿವು ಉಳಿವಿನ ಚರ್ಚೆ ನಡೆದಾಗಲೆಲ್ಲ ಮೊದಲು ಕೇಳಿಬರುವ ದೂರು ಲಿಪಿಯದು. ಮಧ್ಯ ರೈಲ್ವೆಯ ಕಸಾರಾ ಹಾದಿಯಲ್ಲಿ ಕಲ್ಯಾಣವನ್ನು ದಾಟಿದೊಡನೆ ಸಿಗುವ ಶಹಾಡ್, ರೇಯಾನ್ ಕಾರ್ಖಾನೆಯಿಂದ ಹೆಸರಾದ ಊರು. ಇಂತಹ ಊರುಗಳಲ್ಲಿ ನೆಲಸಿದ ಕನ್ನಡ ಮನೆತನಗಳ ಮಕ್ಕಳು ಸಾಮಾನ್ಯವಾಗಿ ಮರಾಠಿ ಇಲ್ಲವೆ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ, ಮನೆಯಲ್ಲಿ ಕನ್ನಡವನ್ನಾಡುತ್ತಾರೆ, ಕನ್ನಡ ಪುಸ್ತಕವನ್ನು ಕೈಗಿತ್ತರೆ ಬೆಪ್ಪಾಗುತ್ತಾರೆ. ಮಾತು ಬಂದೂ ಓದು ಬಾರದ ಈ ಸ್ಥಿತಿಗೆ ಒಂದು ಅಪವಾದವುಂಟು. ಮರಾಠಿ ಶಾಲೆಯಲ್ಲಿ ಬ್ರೈಲ್ ಕಲಿತ, ಕಣ್ಣು ಕಾಣದ ಕನ್ನಡ ಬಾಲಕನೇ ಆ ಅಪವಾದ.

ಇದರ ಕಾರಣವನ್ನು ಬ್ರೈಲಿನ ರಚನೆಯಲ್ಲಿ ಕಾಣಬೇಕು. ಲೂಯಿ ಬ್ರೈಲ್ (1809–1852) ಆರು ಚುಕ್ಕಿಗಳಿಂದ 63 ಸಂಕೇತಗಳನ್ನು ಸಾಧಿಸಿದನು. ಭಾರತದಲ್ಲಿ ಮೊದಲು ಹಲವು ಪದ್ಧತಿಗಳು ಒಂದರೊಡನೊಂದು ಸೆಣಸುತ್ತಿದ್ದವು. 1951ರಲ್ಲಿ ಭಾರತೀ ಬ್ರೈಲ್ ನೆಲೆಗೊಂಡಿತು. ಧ್ವನಿ ಒಂದಾದರೆ ಸಂಕೇತವೂ ಒಂದು ಎಂಬುದು ಅದರ ತತ್ತ್ವ. ಕಕಾರಕ್ಕೆ ಒಂದನೆಯ ಮತ್ತು ಮೂರನೆಯ ಚುಕ್ಕಿ. ಅದು ಮರಾಠಿಯ ಕಕಾರವೂ ಹೌದು, ಕನ್ನಡದ ಕಕಾರವೂ ಹೌದು. ಎರಡು ಭಾಷೆಗಳಿಗೂ ಸಮಾನವಾದ ಳಕಾರಕ್ಕೂ ಒಂದೇ ಸಂಕೇತ. ಹೊಸದಾಗಿ ಕಲಿಯಬೇಕಾದುವು ಮುಖ್ಯವಾಗಿ ಹ್ರಸ್ವ ಎಕಾರ, ಒಕಾರಗಳು. ಕಣ್ಣುಳ್ಳ ಅಣ್ಣನಾದರೋ ವರ್ಣಮಾಲೆಯನ್ನು, ಕಾಗುಣಿತವನ್ನು, ಒತ್ತಕ್ಷರಗಳನ್ನು ಮೊದಲಿನಿಂದ ತಿದ್ದಬೇಕು! ಒಂದು ಎಚ್ಚರ ಮಾತ್ರ ಬೇಕು: ಮರಾಠಿಯ ಓದಿನಲ್ಲಿ ಪದಾಂತ್ಯದ ಅಕಾರ ಬಹುಮಟ್ಟಿಗೆ ಲೋಪವಾಗುತ್ತದೆ. ಆ ರೂಢಿಯಿಂದ ಬಂದ ಬಾಲಕನು ‘ಮರ’ವನ್ನು ‘ಮರ್’ ಎಂದು ಓದಿಯಾನು. ಮನೆಮಾತು ಕನ್ನಡವಾಗಿದ್ದರೆ ಅದು ತಾನೇ ತಿದ್ದಿಕೊಳ್ಳುವ ತಪ್ಪು.

ಲಿಪಿಯಾಗಿ ಈ ಬ್ರೈಲಿನ ಗುಣದೋಷಗಳೇನು? ಮುದ್ರಿತ ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಜೋತು ಬೀಳುತ್ತದೆ. ಅರ್ಕಾವೊತ್ತಂತೂ ಉಚ್ಚಾರದಲ್ಲಿ ಮೊದಲು ಬಂದು ಬರವಣಿಗೆಯಲ್ಲಿ ಹಿಂದೆ ಸರಿಯುತ್ತದೆ. ಬ್ರೈಲಿನಲ್ಲಿ ಇಂತಹ ವಕ್ರತೆಯಿಲ್ಲ. ಸ್ವರವಿಲ್ಲದ ವ್ಯಂಜನದ ಮುಂಚೆ ನಾಲ್ಕನೆಯ ಚುಕ್ಕಿಯೊಂದನ್ನಿಟ್ಟರೆ ಹಲಂತವಾಯಿತು. ‘ಧರ್ಮ’ದ ರೇಫೆ ಕಿವಿಗೆ ಬೀಳುವ ಜಾಗದಲ್ಲಿಯೇ ಬೆರಳಿಗೂ ಸಿಗುತ್ತದೆ. ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ‘ಸ್ತ್ರೀ’ ಎಂಬ ಒಂದೇ ಅಕ್ಷರ ಇಲ್ಲಿ ಆರು ಮನೆಗಳನ್ನು ಆಕ್ರಮಿಸುತ್ತದೆ. ಅಕ್ಷರವೆಂಬ ಘಟಕವೇ ಒಡೆದುಹೋಗುವುದರಿಂದ, ಲಘು ಗುರುಗಳನ್ನೆಣಿಸಿ ಛಂದಸ್ಸು ಕಲಿಯುವ ವಿದ್ಯಾರ್ಥಿಗೆ ಇದು ತೊಡಕೇ ಸರಿ. ಹೊತ್ತಗೆಯ ಗಾತ್ರವೂ ಹಿಗ್ಗುತ್ತದೆ.

ಓದಿ ಹೇಳುವ ಯಂತ್ರ ಬಂದಿರುವಾಗ ಚುಕ್ಕಿಗಳ ಗೊಡವೆಯೇಕೆಂಬುದು ಈಚಿನ ವಾದ. 2006ರಲ್ಲಿ ಹೊರಬಂದ, ಬೆಲೆಯಿಲ್ಲದೆ ದೊರೆಯುವ ಎನ್‌ವಿಡಿಎ ತಂತ್ರಾಂಶವು ಇ-ಸ್ಪೀಕ್ ಧ್ವನಿಯ ನೆರವಿನಿಂದ ಕನ್ನಡವನ್ನೂ ಓದಬಲ್ಲದು. ಕಿವಿಯ ವಿದ್ಯೆಯನ್ನು ಹಗುರವಾಗಿ ಕಾಣುವಂತಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಬಾಲಕರಿಗೆ ಸಂಗೀತವನ್ನು ಧಾರೆಯೆರೆದದ್ದು ಕಿವಿಯ ಮೂಲಕವೇ. ಆದರೂ ಬರಿಯ ಶ್ರವಣದಿಂದ ಕಾಗುಣಿತ ಕೈವಶವಾಗದು. ಶಕಾರ ಷಕಾರಗಳ ಭೇದವನ್ನು ಯಂತ್ರಧ್ವನಿಯಲ್ಲಿ ಹಿಡಿಯುವುದು ಕಷ್ಟ. ಬೆರಳಿಗೆ ಅದು ನಿಚ್ಚಳ. ಪದ್ಯದ ಪಾದವೆಲ್ಲಿ ಮುರಿಯಿತೆಂಬುದನ್ನೂ ಬೆರಳು ತಾನೇ ತಿಳಿಯುತ್ತದೆ. ತರಗತಿಯಲ್ಲಿ ಒಂದು ಇನ್ನೊಂದರ ಬದಲಿಯಲ್ಲ.

ಯಂತ್ರಕ್ಕೆ ನಿಜವಾದ ಅಡ್ಡಿ ಬಂದಿರುವುದು ಕನ್ನಡದ ಪ್ರಕಾಶಕರಿಂದ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದುವು. ಕಣ್ಣಿಗೆ ಅದು ಕನ್ನಡ. ಗಣಕಕ್ಕೆ ಅರ್ಥವಿಲ್ಲದ ರೋಮನ್ ಸರಣಿ. ಯಂತ್ರವು ಅದನ್ನೇ ಪ್ರಾಮಾಣಿಕವಾಗಿ ಒದರುತ್ತದೆ! ಪುಟಗಳ ಚಿತ್ರವನ್ನಷ್ಟೇ ತೆಗೆದಿಟ್ಟ ಪುಸ್ತಕವಾದರೆ ಯಂತ್ರ ಮೂಕ. 1991ರ ಮೊದಲ ಯೂನಿಕೋಡಿನಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಅನಂತರವೂ ಹಳೆಯ ಫಾಂಟಿನಲ್ಲಿಯೇ ಅಚ್ಚುಕೆಲಸ ಸಾಗಿದುದಕ್ಕೆ ಅಭ್ಯಾಸಬಲವನ್ನುಳಿದು ಬೇರೆ ಸಮರ್ಥನೆ ಸಾಲದು. ಕಾನೂನಿನ ತಡೆಯೂ ಇಲ್ಲ. ಅಂಧರಿಗೆ ಒದಗುವ ರೂಪಕ್ಕೆ ಕೃತಿಗಳನ್ನು ಪರಿವರ್ತಿಸಲು 2012ರ ಕೃತಿಸ್ವಾಮ್ಯ ತಿದ್ದುಪಡಿ ಅವಕಾಶವಿತ್ತಿದೆ; ಈ ಕುರಿತ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ಭಾರತವೇ.

ಬ್ರೈಲ್ ಬಲ್ಲ ಶಿಕ್ಷಕರನ್ನು ನೇಮಿಸಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮ ವಿಧಿಸುತ್ತದೆ. ಮರಾಠಿ ಶಾಲೆಯ ಅಂತಹ ಶಿಕ್ಷಕರಿಗೆ ಕನ್ನಡದ ಅರ್ಥ ತಿಳಿಯದಿದ್ದರೂ, ಬಾಲಕನು ಚುಕ್ಕಿಗಳನ್ನು ಸರಿಯಾಗಿ ಒತ್ತಿದ್ದಾನೆಯೇ ಎಂದು ಬಹುಪಾಲು ಪರೀಕ್ಷಿಸಬಲ್ಲರು. ಕೊರತೆಯಿರುವುದು ಓದುವ ಸಾಮಗ್ರಿಯದು. ಅದನ್ನೊದಗಿಸಬೇಕಾದವರು ಗ್ರಂಥಗಳನ್ನೂ ಪತ್ರಿಕೆಗಳನ್ನೂ ಹೊರತರುವ ಕನ್ನಡ ಸಂಘಗಳೇ. ಯೂನಿಕೋಡಿನ ಒಂದೇ ಕಡತದಿಂದ ಧ್ವನಿಯೂ ಹೊರಡುತ್ತದೆ, ಬ್ರೈಲ್ ಮುದ್ರಣವೂ ಆಗುತ್ತದೆ. ಹಳೆಯ ಫಾಂಟನ್ನು ಮಾರ್ಪಡಿಸುವಾಗ ಮಾತ್ರ ಒತ್ತಕ್ಷರ, ಅರ್ಕಾವೊತ್ತುಗಳು ಸ್ಥಾನ ತಪ್ಪುವ ಸಂಭವವುಂಟು. ಆದುದರಿಂದ ಕನ್ನಡ ಬಲ್ಲವರೊಬ್ಬರು ಕರಡನ್ನು ಪದಪದವಾಗಿ ತಿದ್ದಿದ ಮೇಲೆಯೇ ಅದನ್ನು ಚುಕ್ಕಿಯಚ್ಚಿಗೆ ಕಳುಹಿಸಬೇಕು.