ರಬ್ಬರು ಬೂಟಿನೊಳಗಿನ ಆರು ಗುಂಡುಗಳು

ಮಾರುತಿ 800ರ ಮುಂದಿನ ಚಕ್ರದ ಒಳಮೈಗೆ ಕಪ್ಪು ಗ್ರೀಸು ಎರಚಿದ್ದರೆ, ಎಂಜಿನ್ ಆಯಿಲ್ ಎಲ್ಲೋ ಜಿನುಗಿದೆ ಎಂದುಕೊಳ್ಳುವ ಮಾಲೀಕರೇ ಹೆಚ್ಚು. ಬಟ್ಟೆಯಲ್ಲಿ ಒರೆಸಿ ಮರೆತುಬಿಡುತ್ತಾರೆ. ಮುಂದೊಂದು ದಿನ, ಸ್ಟೇರಿಂಗ್ ಪೂರ್ತಿ ತಿರುಗಿಸಿ ಗಲ್ಲಿಯ ಮೂಲೆಯಲ್ಲಿ ಹೊರಳುವಾಗ ಟಕ್ ಟಕ್ ಎಂಬ ಸದ್ದು ಶುರುವಾಗುತ್ತದೆ. ಬರೀ ಒಂದು ಆಕ್ಸಲ್ ಬೂಟ್ ಹಾಕಿಸಿದ್ದರೆ ಮುಗಿಯುತ್ತಿದ್ದ ಖರ್ಚು ಅಷ್ಟರಲ್ಲಿ ಇಡೀ ಜಾಯಿಂಟಿಗೆ ಏರಿರುತ್ತದೆ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಈ ತಾಪತ್ರಯವಿರಲಿಲ್ಲ. ಅವುಗಳಲ್ಲಿ ಎಂಜಿನ್ನಿನ ಶಕ್ತಿ ಹೋಗುತ್ತಿದ್ದುದು ಹಿಂದಿನ ಚಕ್ರಗಳಿಗೆ. ಮುಂದಿನವು ದಿಕ್ಕು ಬದಲಿಸಿದರೆ ಸಾಕಿತ್ತು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಎರಡೂ ಕೆಲಸವನ್ನು ಮುಂದಿನ ಚಕ್ರಗಳಿಗೇ ವಹಿಸಿತು. ಚಕ್ರ ಎಷ್ಟೇ ಓರೆಯಾಗಿ ತಿರುಗಿರಲಿ, ಶಾಫ್ಟಿನಿಂದ ಬರುವ ವೇಗ ಏರುಪೇರಾಗದೆ ಅದಕ್ಕೆ ತಲುಪಬೇಕು. ಇದಕ್ಕೆ ಉತ್ತರ ಕಂಡುಕೊಂಡವರು ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್ಫ್ರೆಡ್ ಝೆಪ್ಪಾ, 1920ರ ದಶಕದ ಕೊನೆಯಲ್ಲಿ. ಬಟ್ಟಲಿನಂಥ ಒಂದು ಉಕ್ಕಿನ ಕವಚ, ಅದರೊಳಗೊಂದು ತಿರುಳು, ನಡುವಿನ ತೋಡುಗಳಲ್ಲಿ ಆರು ಉಕ್ಕಿನ ಗುಂಡುಗಳು, ಅವು ಚದುರದಂತೆ ಹಿಡಿಯುವ ಒಂದು ಬಳೆ: ಇದೇ ಆ ಜಾಯಿಂಟ್. ಕೋನ ಎಷ್ಟೇ ಬದಲಾದರೂ ಗುಂಡುಗಳು ಎರಡು ಶಾಫ್ಟುಗಳಿಗೂ ಸಮನಾದ ಓರೆಯಲ್ಲೇ ನಿಲ್ಲುತ್ತವೆ. 1959ರಲ್ಲಿ ಬ್ರಿಟನ್ನಿನ ಮಿನಿ ಕಾರು ಇದನ್ನು ಸಣ್ಣ ಕಾರುಗಳ ಲೋಕಕ್ಕೆ ತಂದಿತು. ಯಂತ್ರವಿದ್ಯೆಯಲ್ಲಿ ಇಷ್ಟು ಚೆಲುವಾದ ವಸ್ತುಗಳು ಕಡಿಮೆ.

ಈ ಜಾಯಿಂಟಿನ ಆಯುಷ್ಯವೆಲ್ಲ ನಿಂತಿರುವುದು ಹೊರಗಿನ ರಬ್ಬರು ಬೂಟಿನ ಮೇಲೆ. ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ಈ ಬೂಟು ಪ್ರತಿ ತಿರುವಿನಲ್ಲೂ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಕುಗ್ಗುತ್ತದೆ. ವರ್ಷಗಳು ಕಳೆದಂತೆ ಮಡಿಕೆಯ ಬುಡದಲ್ಲಿ ಬಿರುಕು ಬಿಡುತ್ತದೆ. ಶಾಫ್ಟಿನ ಎರಡು ತುದಿಯ ಬೂಟುಗಳಲ್ಲಿ ಗೇರ್ ಬಾಕ್ಸ್ ಕಡೆಯದಕ್ಕಿಂತ ಚಕ್ರದ ಕಡೆಯದು ಮೊದಲು ಹರಿಯುತ್ತದೆ, ಏಕೆಂದರೆ ಹೆಚ್ಚು ಬಾಗುವುದು ಅದೇ. ಹರಿದ ಬಾಯಿಂದ ಗ್ರೀಸು ಹೊರಗೆ, ಕೆಂಪು ಧೂಳು, ಮರಳು, ಮಳೆನೀರು ಒಳಗೆ. ಆಮೇಲೆ ಗುಂಡುಗಳು ಗ್ರೀಸಿನಲ್ಲಿ ಉರುಳುವುದಿಲ್ಲ, ಮರಳಿನಲ್ಲಿ ಅರೆಯುತ್ತವೆ.

ಮನೆಯಲ್ಲೇ ಬೂಟು ಬದಲಿಸುವುದು ಒಂದು ಭಾನುವಾರದ ಕೆಲಸ. ಚಕ್ರದ ನಡುವಿನ ದೊಡ್ಡ ನಟ್ಟನ್ನು ಕಾರು ನೆಲದ ಮೇಲಿರುವಾಗಲೇ, ಒಬ್ಬರು ಬ್ರೇಕ್ ಒತ್ತಿ ಹಿಡಿದಿರುವಂತೆ, ಸಡಿಲಿಸಿಕೊಳ್ಳಬೇಕು. ಜಾಕಿನ ಮೇಲೆ ಏರಿದ ಕಾರಿನಲ್ಲಿ ಅಷ್ಟು ಬಲ ಹಾಕುವುದು ಅಪಾಯ. ಎತ್ತಿದ ಕಾರು ನಿಲ್ಲಬೇಕಾದ್ದು ಗಟ್ಟಿ ಸ್ಟ್ಯಾಂಡಿನ ಮೇಲೆ. ಬರೀ ಜಾಕ್ ನಂಬಿ ಯಾರೂ ಅಡಿಗೆ ಹೋಗಬಾರದು. ಗೇರ್ ಆಯಿಲ್ ಇಳಿಸಿ, ಲೋಯರ್ ಆರ್ಮಿನ ಬಾಲ್ ಜಾಯಿಂಟ್ ಬಿಡಿಸಿದರೆ ಹಬ್ ಹೊರಕ್ಕೆ ವಾಲುತ್ತದೆ, ಶಾಫ್ಟ್ ಕೈಗೆ ಬರುತ್ತದೆ.

ಹೊಸಬರು ಎಡವುವುದು ಇಲ್ಲಿಂದ ಮುಂದೆ. ಸುಜುಕಿ ಮೂಲದ ಈ ಕಾರುಗಳಲ್ಲಿ ಚಕ್ರದ ಕಡೆಯ ಜಾಯಿಂಟನ್ನು ಬಿಚ್ಚುವ ಕ್ರಮವಿಲ್ಲ. ಹಾಗಾಗಿ ಸುತ್ತಿಗೆ ಕೆಳಗಿಡಬೇಕು. ಗೇರ್ ಬಾಕ್ಸ್ ಕಡೆಯ ಜಾಯಿಂಟಿಗೆ ಬಣ್ಣದ ಗುರುತು ಹಾಕಿ, ಸರ್ಕ್ಲಿಪ್ ತೆಗೆದು ಕಳಚಿ, ಹೊಸ ಬೂಟನ್ನು ಆ ತುದಿಯಿಂದಲೇ ತೂರಿಸಿಕೊಂಡು ಬರಬೇಕು. ಶಾಫ್ಟಿನ ಹಲ್ಲುಗಳ ಮೇಲೆ ಎರಡು ಸುತ್ತು ಟೇಪ್ ಸುತ್ತಿದರೆ ರಬ್ಬರಿನ ಅಂಚು ಕೊಯ್ದುಹೋಗುವುದಿಲ್ಲ. ಹಳೆಯ ಗ್ರೀಸನ್ನು ಬೆರಳ ನಡುವೆ ತಿಕ್ಕಿ ನೋಡಬೇಕು. ತರಿತರಿಯಾಗಿದ್ದರೆ ಜಾಯಿಂಟನ್ನು ಸೀಮೆಎಣ್ಣೆಯಲ್ಲಿ ಚೆನ್ನಾಗಿ ತೊಳೆದು ಪೂರ್ತಿ ಒಣಗಿಸಬೇಕು. ಆ ಸೀಮೆಎಣ್ಣೆ ರಬ್ಬರಿಗೆ ತಾಗಕೂಡದು. ತುಂಬಬೇಕಾದ್ದು ಬೂಟಿನ ಜೊತೆ ಬರುವ ಮಾಲಿಬ್ಡಿನಮ್ ಬೆರೆತ ಕಪ್ಪು ಗ್ರೀಸು. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸು ಇಲ್ಲಿ ಬಾಳುವುದಿಲ್ಲ. ಕ್ಲಾಂಪ್ ಬಿಗಿಯುವ ಮುನ್ನ ಬೂಟಿನ ಬಾಯಿ ಕೊಂಚ ಎತ್ತಿ ಒಳಗಿನ ಗಾಳಿ ಬಿಡಬೇಕು. ಜೋಡಿಸುವಾಗ ಹೊಸ ನಟ್ಟು ಅಥವಾ ಹೊಸ ಸ್ಪ್ಲಿಟ್ ಪಿನ್ ಕಡ್ಡಾಯ, ಬಿಗಿಯುವ ಅಳತೆ ಆಯಾ ಕಾರಿನ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಕೊನೆಗೆ ಹೊಸ ಗೇರ್ ಆಯಿಲ್ ತುಂಬುವುದನ್ನು ಮರೆಯುವಂತಿಲ್ಲ.

ಎರಡು ಹೋಳಾಗಿ ಬಂದು ಅಂಟಿನಿಂದ ಕೂಡುವ ಬೂಟುಗಳೂ ಸಿಗುತ್ತವೆ. ಶಾಫ್ಟ್ ಬಿಚ್ಚದೆ ಹಾಕಬಹುದೆಂಬುದೇ ಅವುಗಳ ಆಕರ್ಷಣೆ. ಕೊಂಚ ಎಣ್ಣೆಯ ಪಸೆಯಿದ್ದರೂ ಅಂಟು ಹಿಡಿಯದು, ಬಿಟ್ಟುಕೊಳ್ಳುವುದು ಮಳೆಗಾಲದಲ್ಲೇ. ದಾರಿಯಲ್ಲಿ ಸಿಕ್ಕಿಕೊಂಡವರು ಊರು ತಲುಪಲು ಬಳಸಲಿ, ಅದಕ್ಕಿಂತ ಹೆಚ್ಚಿನ ಭರವಸೆ ಬೇಡ.

ಹೇಗೂ ಹಬ್ ಬಿಚ್ಚಿರುವಾಗ ಸಸ್ಪೆನ್ಷನ್ನಿನ ಆರೋಗ್ಯವನ್ನೂ ನೋಡುವುದು ಜಾಣತನ. ಗುಂಡಿಗಿಳಿದಾಗ ದಡಕ್ ಎನ್ನುವ ಸದ್ದಿಗೆ ಸಾಮಾನ್ಯವಾಗಿ ಸವೆದ ಬಾಲ್ ಜಾಯಿಂಟ್, ಲೋಯರ್ ಆರ್ಮ್ ಬುಷ್ ಇಲ್ಲವೇ ಸ್ಟೆಬಿಲೈಸರ್ ಬಾರಿನ ರಬ್ಬರು ಕಾರಣ. ಬುಷ್ ಹಾಕುವಾಗ ಹಲವು ಗ್ಯಾರೇಜುಗಳಲ್ಲೂ ತಪ್ಪುವ ಒಂದು ನಿಯಮವಿದೆ: ಬೋಲ್ಟಿನ ಕೊನೆಯ ಬಿಗಿತ ಕಾರಿನ ಭಾರ ಚಕ್ರಗಳ ಮೇಲೆ ಕೂತ ಬಳಿಕವೇ. ಚಕ್ರ ನೇತಾಡುತ್ತಿರುವಾಗ ಬಿಗಿದರೆ, ಇಳಿಸಿದ ಕ್ಷಣದಿಂದ ರಬ್ಬರು ಹಿಂಡಿದ ಸ್ಥಿತಿಯಲ್ಲೇ ಇದ್ದು ಬೇಗ ಹರಿಯುತ್ತದೆ.

ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದಾಗಿರುವ ಸ್ಟ್ರಟ್ ವಿಷಯದಲ್ಲಿ ಮಾತ್ರ ಗೆರೆ ಎಳೆಯಲೇಬೇಕು. ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ವ್ಯವಸ್ಥೆಯಲ್ಲಿ ಸ್ಪ್ರಿಂಗ್ ಸದಾ ಅದುಮಿಕೊಂಡೇ ಕೂತಿರುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಸ್ಟ್ರಟ್ಟಿನ ತುದಿಯ ನಡುನಟ್ಟು ಬಿಚ್ಚಿದರೆ ಅದು ಮುಖಕ್ಕೋ ಎದೆಗೋ ಸಿಡಿಯುತ್ತದೆ. ಆ ಒಂದು ಕೆಲಸವನ್ನು ಸಲಕರಣೆಯುಳ್ಳ ಗ್ಯಾರೇಜಿಗೆ ಬಿಡುವುದೇ ಸರಿ. ಸ್ಟ್ರಟ್ ಬಿಚ್ಚಿ ಹಾಕಿದ ಮೇಲೆ ವೀಲ್ ಅಲೈನ್‌ಮೆಂಟ್ ಕೂಡ ಮಾಡಿಸಬೇಕು, ಇಲ್ಲವಾದರೆ ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ.

ಮಾರುತಿ 800 ತಯಾರಿಕೆ 2014ರಲ್ಲಿ ನಿಂತರೂ ಬಿಡಿಭಾಗಗಳಿಗೆ ಬರವಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬೂಟು, ಕ್ಲಾಂಪು, ಗ್ರೀಸು ಒಂದೇ ಕಿಟ್ಟಿನಲ್ಲಿ ಸಿಗುತ್ತವೆ. ಶಿರಾಡಿ ಘಾಟಿಯನ್ನೋ ಚಾರ್ಮಾಡಿಯನ್ನೋ ಹತ್ತಿಳಿಯುವ ಕಾರಿನವರು ಮಳೆಗೆ ಮುಂಚೆಯೇ ಸ್ಟೇರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ, ಚಕ್ರದ ಹಿಂದೆ ಟಾರ್ಚ್ ಬಿಟ್ಟು ಮಡಿಕೆಗಳ ಬುಡವನ್ನು ಒಮ್ಮೆ ನೋಡಿಕೊಳ್ಳಲಿ.